ವಿಡಿಯೋ ಗೇಮಿನ ಯುದ್ಧವನ್ನು ಮೇಜಿಗೆ ಇಳಿಸುವುದು: ತಂತ್ರದ ಕಾರ್ಡ್ ಆಟ ಕಟ್ಟುವ ಬಗೆ

ಇಷ್ಟದ ಫ್ಯಾಂಟಸಿ ಗೇಮನ್ನು ಕಾರ್ಡ್ ಆಟ ಮಾಡಲು ಹೊರಟವರು ಸಾಮಾನ್ಯವಾಗಿ ಮೊದಲು ಪಟ್ಟಿ ಬರೆಯಲು ಕೂರುತ್ತಾರೆ. ಎಲ್ಲ ರಾಕ್ಷಸರು, ಎಲ್ಲ ಮಂತ್ರಗಳು, ಎಲ್ಲ ಕತ್ತಿಗಳು. ಒಂದೊಂದಕ್ಕೂ ಒಂದೊಂದು ಕಾರ್ಡ್. ಕಾರ್ಡುಗಳು ಇನ್ನೂರು ದಾಟುವ ಹೊತ್ತಿಗೆ ಉತ್ಸಾಹ ಮುಗಿದಿರುತ್ತದೆ, ಆಟ ಮಾತ್ರ ಇನ್ನೂ ಹುಟ್ಟಿರುವುದಿಲ್ಲ. ಪಟ್ಟಿ ಆಮೇಲೆ ಬರಲಿ. ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಆ ಗೇಮ್ ಆಡುವಾಗ ನಿಮ್ಮ ಕೈ ಬಟನ್ ಒತ್ತದೆ ತಡೆಯುವುದು ಎಲ್ಲಿ? ಹೀಗೆ ಮಾಡಲೋ ಹಾಗೆ ಮಾಡಲೋ ಅಂತ ತಲೆ ಕೆರೆದುಕೊಳ್ಳುವುದು ಯಾವಾಗ? ಮೇಜಿಗೆ ತರಬೇಕಾದದ್ದು ಆ ಇಕ್ಕಟ್ಟು. ಚಿತ್ರ, ಹೆಸರು, ಕಥೆ ಎಲ್ಲ ಅದರ ಮೇಲಿನ ಬಟ್ಟೆ.

ಇದನ್ನು ಚೆನ್ನಾಗಿ ಮಾಡಿದ ಒಂದು ಉದಾಹರಣೆ ನೋಡಿ. 2011ರ ಡಾರ್ಕ್ ಸೋಲ್ಸ್ ಗೇಮಿನಲ್ಲಿ ಕತ್ತಿ ಬೀಸಿದರೂ ದಮ್ಮು ಖರ್ಚು, ಉರುಳಿ ತಪ್ಪಿಸಿಕೊಂಡರೂ ದಮ್ಮು ಖರ್ಚು. ಆಸೆಗೆ ಇನ್ನೊಂದು ಏಟು ಹೊಡೆದರೆ ತಪ್ಪಿಸಿಕೊಳ್ಳಲು ಶಕ್ತಿ ಉಳಿಯುವುದಿಲ್ಲ. 2017ರಲ್ಲಿ ಬಂದ ಅದರ ಬೋರ್ಡ್ ಆಟದಲ್ಲಿ ಪ್ರತಿ ಪಾತ್ರಕ್ಕೂ 10 ಮನೆಗಳ ಒಂದು ಪಟ್ಟಿ ಇದೆ. ಖರ್ಚಾದ ದಮ್ಮಿಗೆ ಒಂದು ತುದಿಯಿಂದ ಕಪ್ಪು ಘನಾಕಾರದ ತುಂಡು, ಬಿದ್ದ ಏಟಿಗೆ ಇನ್ನೊಂದು ತುದಿಯಿಂದ ಕೆಂಪು. ಎರಡೂ ಸೇರಿ ಪಟ್ಟಿ ತುಂಬಿದರೆ ಕಥೆ ಮುಗಿಯಿತು. ಓಡುವುದು, ಹೊಡೆಯುವುದು, ಏಟು ತಿನ್ನುವುದು ಎಲ್ಲವೂ ಅದೇ 10 ಮನೆಗಳಿಂದ. ಗೇಮಿನ ಭಯ ಹಾಗೇ ಮೇಜಿಗೆ ಬಂತು, ಅದೂ ಒಂದು ಸಾಲಿನ ನಿಯಮದಲ್ಲಿ.

ಇನ್ನು ನಮ್ಮದು. ಉದಾಹರಣೆಗೆ ಹೀರೋಸ್ ಆಫ್ ಮೈಟ್ ಆಂಡ್ ಮ್ಯಾಜಿಕ್ 3 ತೆಗೆದುಕೊಳ್ಳೋಣ. 1999ರ ಫ್ಯಾಂಟಸಿ ಯುದ್ಧತಂತ್ರದ ಗೇಮ್, ನ್ಯೂ ವರ್ಲ್ಡ್ ಕಂಪ್ಯೂಟಿಂಗ್ ಮಾಡಿದ್ದು, ಇವತ್ತಿಗೂ ಆಡುವವರಿದ್ದಾರೆ. ನಿಮ್ಮ ಗೇಮ್ ಬೇರೆ ಇರಬಹುದು, ಹೆಜ್ಜೆಗಳು ಬದಲಾಗುವುದಿಲ್ಲ.

ಒಂದೇ ಒಂದು ನಿಯಮ ಆರಿಸಿ

ಹೀರೋಸ್ 3ರ ಯುದ್ಧದಲ್ಲಿ ಒಂದು ಪಡೆ ಇನ್ನೊಂದರ ಪಕ್ಕಕ್ಕೆ ಹೋಗಿ ಹೊಡೆದರೆ, ಏಟು ತಿಂದ ಪಡೆ ಬದುಕಿದ್ದರೆ ತಿರುಗೇಟು ಕೊಡುತ್ತದೆ. ಆದರೆ ಸಾಮಾನ್ಯವಾಗಿ ಒಂದು ಸುತ್ತಿಗೆ ಒಂದೇ ಸಲ. ಹಾಗಾಗಿ ಪಳಗಿದ ಆಟಗಾರರು ಒಂದು ಲೆಕ್ಕಕ್ಕಿಲ್ಲದ ಪಡೆಯನ್ನು ಮೊದಲು ಬಿಟ್ಟು ತಿರುಗೇಟನ್ನು ಅದರ ತಲೆಗೆ ಕಟ್ಟುತ್ತಾರೆ. ಆಮೇಲೆ ದೊಡ್ಡ ಪಡೆ ನಿರಾತಂಕವಾಗಿ ಹೊಡೆಯುತ್ತದೆ.

ಇದೇ ನಮ್ಮ ಇಕ್ಕಟ್ಟು. ಯಾರನ್ನು ಮೊದಲು ಕಳಿಸುವುದು, ಯಾರನ್ನು ಆಮೇಲೆ? ನೆಲದ ಬಗೆ, ಹವಾಮಾನ, ಅದೃಷ್ಟ, ಮನೋಬಲ, ಹೀರೋನ ಅನುಭವದ ಮಟ್ಟ ಎಲ್ಲವನ್ನೂ ಸದ್ಯಕ್ಕೆ ಬಿಟ್ಟುಬಿಡಿ. ಬಿಡಲು ಕಷ್ಟ ಆಗುತ್ತದೆ, ಗೊತ್ತು. ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಮೊದಲ ಆಟ ಚೆನ್ನಾಗಿ ಓಡಿದ ಮೇಲೆ ಅದರಲ್ಲಿ ಯಾವುದಾದರೂ ಬೇಕು ಅನ್ನಿಸಿದರೆ ಒಂದೊಂದಾಗಿ ಸೇರಿಸಬಹುದು. ಮುಕ್ಕಾಲು ಪಾಲು ಬೇಕು ಅನ್ನಿಸುವುದೇ ಇಲ್ಲ.

ನಿಯಮ ಆರಿಸಿದ ಮೇಲೆ ಅದನ್ನು ಕಾರ್ಡಿನ ಭಾಷೆಗೆ ತನ್ನಿ. ಕಾರ್ಡಿಗೆ ಕೆಲವೇ ವಿದ್ಯೆ ಗೊತ್ತು: ಕೈಯಲ್ಲಿರುವುದು, ಮೇಜಿನ ಮೇಲಿರುವುದು, ಮಗುಚಿ ಬೀಳುವುದು, ಅಡ್ಡ ತಿರುಗುವುದು, ಎಸೆದ ರಾಶಿಗೆ ಹೋಗುವುದು. ತಿರುಗೇಟಿಗೆ ಅಡ್ಡ ತಿರುಗುವುದು ಸರಿಯಾಗಿ ಹೊಂದುತ್ತದೆ. ಪಡೆ ತಿರುಗೇಟು ಕೊಟ್ಟ ತಕ್ಷಣ ಕಾರ್ಡನ್ನು ಅಡ್ಡ ತಿರುಗಿಸಿ. ಅಡ್ಡ ಇರುವ ಕಾರ್ಡ್ ಮತ್ತೆ ತಿರುಗೇಟು ಕೊಡುವುದಿಲ್ಲ. ಒಡೆಯನ ಸರದಿ ಶುರುವಾದಾಗ ನೆಟ್ಟಗಾಗುತ್ತದೆ. ನೆನಪಿಡಲು ಏನೂ ಇಲ್ಲ, ಮೇಜು ನೋಡಿದರೆ ಸಾಕು.

ಮನೆಗಳು ಎಷ್ಟು?

ಗೇಮಿನ ಯುದ್ಧಭೂಮಿ 15 × 11, ಅಂದರೆ 165 ಷಟ್ಕೋನ ಮನೆಗಳು. ಮೇಜಿಗೆ ಇದು ಜಾಸ್ತಿ ಆಯಿತು. 2016ರ ಡ್ಯೂಯಲಿಸ್ಟ್ ಕಂಪ್ಯೂಟರಿನಲ್ಲೇ ಆಡುವ ತಂತ್ರದ ಕಾರ್ಡ್ ಆಟ, ಅದೇ 9 × 5ಕ್ಕೆ ನಿಂತಿತು. ಇನ್ನೊಂದು ತುದಿಯಲ್ಲಿ 1999ರ ಫೈನಲ್ ಫ್ಯಾಂಟಸಿ 8ರ ಒಳಗಿದ್ದ ಟ್ರಿಪಲ್ ಟ್ರೈಯಾಡ್ ಅನ್ನುವ ಕಾರ್ಡ್ ಆಟ ಇದೆ. ಅದಕ್ಕೆ 3 × 3 ಸಾಕಾಯಿತು.

ನಮ್ಮ ಅಳತೆಯನ್ನು ಕಾರ್ಡೇ ನಿರ್ಧರಿಸುತ್ತದೆ. ಸಾಮಾನ್ಯ ಕಾರ್ಡಿನ ಅಳತೆ 63 × 88 ಮಿಲಿಮೀಟರ್. ಅದು ಅಡ್ಡ ತಿರುಗಬೇಕು, ಆದ್ದರಿಂದ ಪ್ರತಿ ಮನೆಯೂ 9 ಸೆಂಟಿಮೀಟರ್ ಚೌಕ ಇರಬೇಕು. 4 ಅಗಲ, 5 ಉದ್ದ ಇಟ್ಟರೆ ಹಾಸು 36 × 45 ಸೆಂಟಿಮೀಟರ್ ಆಗುತ್ತದೆ. 20 ಮನೆ. ಇಬ್ಬರ ಮುಂದೆ ಎರಡೆರಡು ಸಾಲು, ನಡುವೆ ಯಾರದ್ದೂ ಅಲ್ಲದ ಒಂದು ಸಾಲು. ಅಷ್ಟೇ ಸಾಕು.

ಆ ನಡುವಿನ ಸಾಲಿಗೆ ಒಂದು ಕೆಲಸ ಕೊಡಿ. ಗೇಮಿನಲ್ಲಿ ಎದುರಾಳಿಯ ಪಡೆಗಳೆಲ್ಲ ಸತ್ತರೆ ಗೆಲುವು. ಮೇಜಿನ ಮೇಲೆ ಅದು ಎಳೆದಾಡುತ್ತದೆ: ಸೋಲುವವನಿಗೆ ಸೋಲು ಗೊತ್ತಾದ ಮೇಲೂ ಹದಿನೈದು ನಿಮಿಷ ಕೂತಿರಬೇಕು. ಬಿಲ್ಲುಗಾರರನ್ನು ಹಿಂದೆ ನಿಲ್ಲಿಸಿ ಸುಮ್ನೆ ಕಾಯುವವರೂ ಹುಟ್ಟಿಕೊಳ್ಳುತ್ತಾರೆ. ಅದಕ್ಕೆ ನಡುಸಾಲಿನ ಎರಡು ಮನೆಗಳನ್ನು ಗಣಿ ಅಂತ ಗುರುತು ಮಾಡಿ. ಸರದಿ ಶುರುವಾದಾಗ ನಿಮ್ಮ ಪಡೆ ನಿಂತಿರುವ ಪ್ರತಿ ಗಣಿಗೂ ಒಂದು ಅಂಕ. ಮೊದಲು 7 ಅಂಕ ಗಳಿಸಿದವರು ಗೆದ್ದರು. ಈಗ ಇಬ್ಬರೂ ಮುಂದೆ ಬರಲೇಬೇಕು, ಬಡಿದಾಡಲೇಬೇಕು.

ಸರದಿ

ಸರದಿಗೆ ಮೂರು ಆಜ್ಞೆ. ಕೈಯಲ್ಲಿ ಮೂರು ಮಣಿ ಇಟ್ಟುಕೊಳ್ಳಿ. ಒಂದು ಪಡೆಗೆ ಆಜ್ಞೆ ಕೊಟ್ಟರೆ ಅದರ ಮೇಲೆ ಒಂದು ಮಣಿ. ಮಣಿ ಇರುವ ಪಡೆಗೆ ಆ ಸರದಿಯಲ್ಲಿ ಮತ್ತೆ ಆಜ್ಞೆ ಇಲ್ಲ. ಒಂದು ಆಜ್ಞೆಗೆ ಪಡೆ ಎರಡು ಮನೆಯವರೆಗೆ ನಡೆದು, ಪಕ್ಕದ ಒಂದು ಶತ್ರುವನ್ನು ಹೊಡೆಯಬಹುದು. ಕೈಯಿಂದ ಹೊಸ ಪಡೆಯನ್ನು ನಿಮ್ಮ ಹಿಂದಿನ ಸಾಲಿಗೆ ಇಳಿಸುವುದೂ ಒಂದು ಆಜ್ಞೆ. ಇಳಿದ ಪಡೆಯ ಮೇಲೆ ಮಣಿ ಬಿತ್ತಲ್ಲ, ಆದ್ದರಿಂದ ಅದು ಆಗಲೇ ಹೊಡೆಯುವಂತಿಲ್ಲ. ಇದಕ್ಕೆ ಬೇರೆ ನಿಯಮ ಬರೆಯುವುದು ಉಳಿಯಿತು. ಒಂದು ನಿಯಮ ಎರಡು ಕೆಲಸ ಮಾಡುವ ಇಂಥ ಜಾಗ ಸಿಕ್ಕರೆ ಬಿಡಬೇಡಿ.

ಮೊದಲು ಆಡುವವರಿಗೆ ಸಹಜವಾಗಿ ಒಂದು ಹೆಜ್ಜೆ ಮುಂದೆ ಇರುತ್ತದೆ. 2014ರ ಹಾರ್ತ್‌ಸ್ಟೋನ್ ಅನ್ನುವ ಕಂಪ್ಯೂಟರ್ ಕಾರ್ಡ್ ಆಟ ಇದಕ್ಕೆ ಎರಡನೆಯವರಿಗೆ ಒಂದು ಹೆಚ್ಚುವರಿ ಕಾರ್ಡ್ ಮತ್ತು ಒಂದು ಸರದಿಗೆ ಹೆಚ್ಚುವರಿ ಶಕ್ತಿ ಕೊಡುವ ಒಂದು ನಾಣ್ಯ ಕೊಟ್ಟಿತು. ನಾವು ಸರಳವಾಗಿ, ಮೊದಲನೆಯವರ ಮೊದಲ ಸರದಿಗೆ ಎರಡೇ ಆಜ್ಞೆ ಅನ್ನೋಣ.

ಅಂಕಿಗಳನ್ನು ಕುಗ್ಗಿಸಿ

ಹೆಚ್ಚಿನವರು ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಹೀರೋಸ್ 3ರಲ್ಲಿ ಈಟಿಗಾರನ ಜೀವ 10, ಏಟು 1ರಿಂದ 3. ದೇವದೂತನ ಜೀವ 200, ಏಟು 50. ಹೊಡೆಯುವವನ ದಾಳಿ ಅಂಕ ಎದುರಾಳಿಯ ರಕ್ಷಣೆಗಿಂತ ಎಷ್ಟು ಹೆಚ್ಚೋ ಅಷ್ಟು ಸಲ 5 ಪ್ರತಿಶತ ಏಟು ಹೆಚ್ಚುತ್ತದೆ. ಕಡಿಮೆಯಿದ್ದರೆ ಅಂಕಕ್ಕೆ 2.5 ಪ್ರತಿಶತದಂತೆ ಇಳಿಯುತ್ತದೆ. ಆಮೇಲೆ ಪಡೆಯಲ್ಲಿರುವ ಜನರ ಸಂಖ್ಯೆಯಿಂದ ಗುಣಿಸಬೇಕು. ಕಂಪ್ಯೂಟರಿಗೆ ಇದು ಕಣ್ಣು ಮಿಟುಕಿಸುವ ಕೆಲಸ. ಎದುರು ಕೂತ ಗೆಳೆಯನಿಗೆ ಇದೇ ಲೆಕ್ಕ ಕೊಟ್ಟು ನೋಡಿ, ಅವನು ಫೋನ್ ತೆಗೆಯುತ್ತಾನೆ.

ಆದ್ದರಿಂದ ದಾಳಿ, ರಕ್ಷಣೆ, ಸಂಖ್ಯೆ ಮೂರನ್ನೂ ತೆಗೆದುಹಾಕಿ. ಒಂದು ಕಾರ್ಡ್ ಅಂದರೆ ಒಂದು ಪಡೆ. ಅದಕ್ಕೆ ಎರಡೇ ಅಂಕಿ: ಏಟು ಮತ್ತು ಜೀವ. ಏಟು 1ರಿಂದ 4, ಜೀವ 1ರಿಂದ 6. ಜೀವ ಯಾಕೆ 6? ಬಿದ್ದ ಏಟನ್ನು ತೋರಿಸಲು ಕಾರ್ಡಿನ ಮೇಲೆ ಒಂದು ದಾಳ ಇಟ್ಟರೆ ಸಾಕಲ್ವಾ, ಅದಕ್ಕೆ. ದಾಳಕ್ಕೆ ಈ ಆಟದಲ್ಲಿ ಇದೊಂದೇ ಕೆಲಸ. ಏಟನ್ನು ದಾಳದಿಂದ ನಿರ್ಧರಿಸಬೇಡಿ. ಯಾವ ಕಾರ್ಡ್ ಕೈಗೆ ಬರುತ್ತದೆ ಅನ್ನುವುದರಲ್ಲೇ ಬೇಕಾದಷ್ಟು ಅದೃಷ್ಟ ಇದೆ. ಅದರ ಮೇಲೆ ಏಟಿಗೂ ಅದೃಷ್ಟ ಸೇರಿದರೆ ತಂತ್ರಕ್ಕೆ ಜಾಗ ಉಳಿಯುವುದಿಲ್ಲ.

ಅಂಕಿ ಹಾಕುವಾಗ ಕೇಳಿಕೊಳ್ಳಬೇಕಾದದ್ದು "ಎಷ್ಟು ದೊಡ್ಡದು" ಅಂತಲ್ಲ, "ಎಷ್ಟು ಏಟಿಗೆ ಸಾಯುತ್ತದೆ" ಅಂತ. ಜೀವ 5 ಮತ್ತು ಜೀವ 6 ಬೇರೆ ಬೇರೆ ಅನ್ನಿಸುತ್ತವೆ. ಆದರೆ 2ರ ಏಟುಗಳಿಗೆ ಎರಡೂ ಮೂರನೆಯ ಏಟಿಗೆ ಸಾಯುತ್ತವೆ. 3ರ ಏಟಿಗೂ 4ರ ಏಟಿಗೂ ಎರಡೂ ಎರಡನೆಯ ಏಟಿಗೇ ಸಾಯುತ್ತವೆ. ವ್ಯತ್ಯಾಸ ಕಾಣುವುದು 1ರ ಏಟಿನಲ್ಲಿ, ಇಲ್ಲವೇ 2 ಮತ್ತು 3 ಸೇರಿ ಬಿದ್ದಾಗ. ಅಂದರೆ ಜೀವ 6ರ ಕಾರ್ಡಿಗೆ ನೀವು ಹೆಚ್ಚು ಬೆಲೆ ಹಾಕುತ್ತಿದ್ದರೆ, ಆ ಒಂದು ಜೀವಕ್ಕೆ ಆಟದಲ್ಲಿ ಎಲ್ಲಿ ಬೆಲೆ ಬರುತ್ತದೆ ಅಂತ ತೋರಿಸಲು ಬರಬೇಕು. ಬರದಿದ್ದರೆ ಅದು ಬರೀ ಅಲಂಕಾರ.

ಬೆಲೆ ಕಟ್ಟುವುದು

ಹಾರ್ತ್‌ಸ್ಟೋನಿನಲ್ಲಿ ಮಾನಾ, ಅಂದರೆ ಕಾರ್ಡ್ ಇಳಿಸಲು ತೆರುವ ಶಕ್ತಿ, ಸರದಿಗೆ ಒಂದರಂತೆ ತಾನಾಗಿ ಏರಿ 10ಕ್ಕೆ ನಿಲ್ಲುತ್ತದೆ. 1993ರ ಮ್ಯಾಜಿಕ್: ದ ಗ್ಯಾದರಿಂಗ್ ಕಾರ್ಡ್ ಆಟದಲ್ಲಿ ಮಾನಾ ಕೊಡುವ ಭೂಮಿಯ ಕಾರ್ಡುಗಳು ಬರಬೇಕು. ಬರದಿದ್ದರೆ ಕೈಕಟ್ಟಿ ಕೂರಬೇಕು. ನನಗೆ ಇಂಥ ಚಿಕ್ಕ ಆಟಕ್ಕೆ ಹೆಚ್ಚು ಹಿಡಿಸುವುದು ಮೂರನೆಯ ದಾರಿ, 2007ರ ರೇಸ್ ಫಾರ್ ದ ಗ್ಯಾಲಕ್ಸಿಯಲ್ಲಿ ಇರುವುದು: ಕಾರ್ಡಿನ ಬೆಲೆಯನ್ನು ಕೈಯಲ್ಲಿರುವ ಬೇರೆ ಕಾರ್ಡುಗಳನ್ನು ಎಸೆದು ತೆರುವುದು. ಬೆಲೆ 2ರ ಪಡೆ ಇಳಿಸಬೇಕಾದರೆ ಇನ್ನೆರಡು ಕಾರ್ಡ್ ಎಸೆಯಬೇಕು. ಯಾವ ಕಾರ್ಡೂ ದಂಡ ಅಲ್ಲ, ಆದರೆ ಪ್ರತಿ ಸಲ ಏನನ್ನಾದರೂ ಕಳೆದುಕೊಳ್ಳುತ್ತೀರಿ.

ಪಡೆಗಳಿಗೆ ಒಂದು ಸೂತ್ರ ಇಟ್ಟುಕೊಳ್ಳಿ. ಏಟು ಮತ್ತು ಜೀವ ಕೂಡಿದರೆ ಬರುವ ಮೊತ್ತ ಬೆಲೆಯ ಎರಡರಷ್ಟು, ಜೊತೆಗೆ 3. ಹಾಗಾದರೆ:

ಅಸ್ಥಿಪಂಜರ: ಬೆಲೆ 0, ಏಟು 1, ಜೀವ 2
ನಡೆಯುವ ಹೆಣ: ಬೆಲೆ 1, ಏಟು 2, ಜೀವ 3
ಕಪ್ಪು ವೀರ: ಬೆಲೆ 2, ಏಟು 3, ಜೀವ 4
ಕುದುರೆ ಸವಾರ: ಬೆಲೆ 3, ಏಟು 4, ಜೀವ 5

ವಿಶೇಷ ಗುಣ ಇದ್ದರೆ ಮೊತ್ತದಿಂದ ಕಳೆಯಿರಿ. ಹಾರುವುದಕ್ಕೆ 1, ದೂರದಿಂದ ಹೊಡೆಯುವುದಕ್ಕೆ 2, ತಿರುಗೇಟು ತಪ್ಪಿಸಿಕೊಳ್ಳುವುದಕ್ಕೆ 2. ಇವು ಶುರುವಿನ ಊಹೆ ಮಾತ್ರ. ಆಡಿ ನೋಡಿದಾಗ ಬದಲಾಗುತ್ತವೆ.

ಚುರುಕಾದ ಓದುಗರು ಇಲ್ಲಿ ಒಂದು ತೂತು ಕಂಡುಹಿಡಿಯುತ್ತಾರೆ. ಸವಾರನನ್ನು ಇಳಿಸಲು ಒಟ್ಟು ನಾಲ್ಕು ಕಾರ್ಡ್ ಹೋಗುತ್ತವೆ, ಸಿಗುವ ಮೊತ್ತ 9. ಅದೇ ನಾಲ್ಕು ಕಾರ್ಡುಗಳೂ ಅಸ್ಥಿಪಂಜರದಂಥ ಬೆಲೆ 0ರ ಪಡೆಗಳಾದರೆ ಮೊತ್ತ 12. ಹಾಗಿದ್ದರೆ ಡೆಕ್ (ಒಬ್ಬ ಆಟಗಾರನ ಕಾರ್ಡುಗಳ ಕಟ್ಟು) ತುಂಬ ಅಗ್ಗದ ಪಡೆ ತುಂಬಿದರೆ ಆಯಿತಲ್ಲ? ಆಗುವುದಿಲ್ಲ, ಯಾಕೆಂದರೆ ಸರದಿಗೆ ಆಜ್ಞೆ ಮೂರೇ. ಅಂಥ ನಾಲ್ಕು ಅಗ್ಗದ ಪಡೆ ಇಳಿಸಲು ಒಂದೂಕಾಲಿಗಿಂತ ಹೆಚ್ಚು ಸರದಿ ಬೇಕು, ಆಮೇಲೆ ನಾಲ್ಕನ್ನೂ ಒಟ್ಟಿಗೆ ನಡೆಸಲು ಆಗುವುದಿಲ್ಲ. ಸವಾರ ಒಂದೇ ಆಜ್ಞೆಗೆ 4ರ ಏಟು ಕೊಡುತ್ತಾನೆ. ಕಾರ್ಡ್ ಉಳಿಸಬೇಕೋ ಆಜ್ಞೆ ಉಳಿಸಬೇಕೋ ಅನ್ನುವ ಜಗ್ಗಾಟ ಇಲ್ಲಿಂದ ಹುಟ್ಟುತ್ತದೆ. ಯಾವ ಆಟದಲ್ಲೇ ಆಗಲಿ, ಒಂದಕ್ಕೊಂದು ಎದುರಾಗಿ ಎಳೆಯುವ ಇಂಥ ಎರಡು ಮಿತಿ ಇಟ್ಟುಕೊಳ್ಳಿ.

ಈಗ ನಮ್ಮ ಮೂಲ ಇಕ್ಕಟ್ಟು ಉಳಿದಿದೆಯೇ ಅಂತ ಒರೆಗೆ ಹಚ್ಚೋಣ. ಗಣಿಯ ಮೇಲೆ ಎದುರಾಳಿಯ ಸವಾರ ನಿಂತಿದ್ದಾನೆ, ಜೀವ 5. ನಿಮ್ಮ ಬಳಿ ಅಸ್ಥಿಪಂಜರ, ಹೆಣ, ಕಪ್ಪು ವೀರ ಮೂರೂ ಹತ್ತಿರದಲ್ಲೇ ಇವೆ. ಮೊದಲು ಅಸ್ಥಿಪಂಜರ ಹೊಡೆದರೆ ಸವಾರನ ಜೀವ 4ಕ್ಕೆ ಇಳಿಯುತ್ತದೆ, ತಿರುಗೇಟಿಗೆ ಅಸ್ಥಿಪಂಜರ ಪುಡಿ, ಸವಾರ ಅಡ್ಡ. ಆಮೇಲೆ ವೀರ 3, ಹೆಣ 2. ಸವಾರ ಸತ್ತ. ಕಳೆದದ್ದು ಅತಿ ಅಗ್ಗದ ಕಾರ್ಡ್, ಆದರೆ ಮೂರು ಆಜ್ಞೆಯೂ ಮುಗಿಯಿತು. ಇನ್ನೊಂದು ದಾರಿ: ಮೊದಲು ವೀರ ಹೊಡೆದರೆ ಸವಾರನಿಗೆ 2 ಉಳಿಯುತ್ತದೆ, ತಿರುಗೇಟಿಗೆ ವೀರ ಸಾಯುತ್ತಾನೆ, ಹೆಣ ಬಂದು ಕೆಲಸ ಮುಗಿಸುತ್ತದೆ. ದುಬಾರಿ ಪಡೆ ಹೋಯಿತು, ಆದರೆ ಒಂದು ಆಜ್ಞೆ ಉಳಿಯಿತು. ಅದರಲ್ಲಿ ಅಸ್ಥಿಪಂಜರ ಗಣಿ ಹತ್ತಬಹುದು. ಎರಡಕ್ಕೂ ಕಾರಣ ಇದೆ, ಯಾವುದು ಸರಿ ಅನ್ನುವುದು ಆ ಹೊತ್ತಿನ ಅಂಕದ ಮೇಲೆ ನಿಂತಿದೆ. ಕಾಗದದ ಮೇಲೆ ಇಂಥ ಒಂದೆರಡು ಸನ್ನಿವೇಶ ಹುಟ್ಟದಿದ್ದರೆ ಕಾರ್ಡ್ ಕತ್ತರಿಸಲು ಹೋಗಬೇಡಿ. ಅಂಕಿಗಳನ್ನು ಇನ್ನೊಮ್ಮೆ ನೋಡಿ.

ಎರಡು ಬಣ, ಮೂವತ್ತು ಕಾರ್ಡ್

ಬಣಗಳಿಗೆ ಬೇರೆ ಬೇರೆ ಪ್ರಾಣಿ ಕೊಟ್ಟ ಮಾತ್ರಕ್ಕೆ ಅವು ಬೇರೆ ಆಗುವುದಿಲ್ಲ. ಪ್ರತಿ ಬಣವೂ ಮೂಲ ನಿಯಮವನ್ನು ತನ್ನದೇ ರೀತಿಯಲ್ಲಿ ಬಗ್ಗಿಸಬೇಕು. ಹೀರೋಸ್ 3ರ ಕೋಟೆಯ ಬಣದಲ್ಲಿ ಗ್ರಿಫಿನ್ (ಹದ್ದಿನ ತಲೆಯ ಸಿಂಹ) ಒಂದು ಸುತ್ತಿಗೆ ಎರಡು ಸಲ ತಿರುಗೇಟು ಕೊಡುತ್ತದೆ. ಸತ್ತವರ ಬಣದಲ್ಲಿ ವ್ಯಾಂಪೈರ್ ಹೊಡೆದರೆ ತಿರುಗೇಟೇ ಇಲ್ಲ, ಮತ್ತು ಯುದ್ಧ ಮುಗಿದ ಮೇಲೆ ಹೆಣಗಳು ಅಸ್ಥಿಪಂಜರಗಳಾಗಿ ಏಳುತ್ತವೆ. ನಮಗೆ ಬೇಕಾದದ್ದೂ ಇದೇ. ಕೋಟೆಯವರು ತಿರುಗೇಟಿನಲ್ಲಿ ಗಟ್ಟಿ: ಅವರ ಕೆಲವು ಪಡೆಗಳು ಮೊದಲ ತಿರುಗೇಟಿಗೆ ಅಡ್ಡ ತಿರುಗುವುದಿಲ್ಲ. ಸತ್ತವರ ಬಣಕ್ಕೆ ಬಲಿ ಕೊಡಲು ಅಗ್ಗದ ಪಡೆ ಸಾಕಷ್ಟು: ಶತ್ರು ಪಡೆ ಸತ್ತಾಗ ಎಸೆದ ರಾಶಿಯಿಂದ ಒಂದು ಅಸ್ಥಿಪಂಜರ ಕೈಗೆ ವಾಪಸ್. ಬಿಲ್ಲುಗಾರರ ನಿಯಮವನ್ನೂ ಗೇಮಿನಿಂದಲೇ ತನ್ನಿ. ದೂರದಿಂದ ಹೊಡೆದರೆ ತಿರುಗೇಟಿಲ್ಲ, ಪಕ್ಕದಲ್ಲಿ ಶತ್ರು ನಿಂತರೆ ಬಾಣ ಬಿಡುವಂತಿಲ್ಲ.

ಡೆಕ್ 30 ಕಾರ್ಡ್, ಒಂದೇ ಕಾರ್ಡ್ ಹೆಚ್ಚೆಂದರೆ ಎರಡು. ಶುರುವಿಗೆ 5, ಸರದಿಗೆ 2 ಎಳೆಯುವುದು, ಕೈಯಲ್ಲಿ 7ಕ್ಕಿಂತ ಹೆಚ್ಚು ಇಲ್ಲ. ಎರಡು ಪ್ರತಿ ಇರುವ ಕಾರ್ಡ್ ಮೊದಲ 5ರಲ್ಲಿ ಬರುವ ಸಾಧ್ಯತೆ ಸುಮಾರು 31 ಪ್ರತಿಶತ. ಮೂರು ಸಲ ಎಳೆದು 11 ಕಾರ್ಡ್ ನೋಡಿದ ಮೇಲೆ ಸುಮಾರು 61. ಅಂದರೆ ಯಾವುದೋ ಒಂದು ಕಾರ್ಡಿನ ಮೇಲೇ ನಿಂತ ಡೆಕ್ ಮೂರನೇ ಸರದಿಗೂ ಐದರಲ್ಲಿ ಎರಡು ಸಲ ಕೈಕೊಡುತ್ತದೆ. ಆದ್ದರಿಂದ ಮುಖ್ಯ ಕೆಲಸಗಳಿಗೆ ಎರಡು ಮೂರು ಬಗೆಯ ಕಾರ್ಡ್ ಇರಲಿ. ಸುಮಾರು 20 ಪಡೆ, 10 ಮಂತ್ರ ಒಳ್ಳೆಯ ಶುರು. ಮಂತ್ರಗಳಲ್ಲೂ ಕಣ್ಣು ತಿರುಗೇಟಿನ ಮೇಲಿರಲಿ: ಅಡ್ಡ ಇರುವ ಪಡೆಯನ್ನು ನೆಟ್ಟಗೆ ಮಾಡುವುದು, ಶತ್ರುವನ್ನು ಅಡ್ಡ ಮಾಡುವುದು, ಒಂದು ಮನೆ ಹಿಂದಕ್ಕೆ ತಳ್ಳುವುದು. ಬೆಂಕಿಯುಂಡೆ ಹಾಕದೆ ಬಿಡಲು ಮನಸ್ಸು ಬರುವುದಿಲ್ಲ, ಹಾಕಿಕೊಳ್ಳಿ, ಆದರೆ ಬರೀ ಏಟು ಕೊಡುವ ಮಂತ್ರ ಒಂದೆರಡಕ್ಕೆ ನಿಲ್ಲಲಿ.

ಡೆಕ್ 13ನೇ ಸಲ ಎಳೆಯುವಾಗ ಮುಗಿಯುತ್ತದೆ. ಸರದಿಗೆ ಒಂದೂವರೆ ನಿಮಿಷ ಹಿಡಿದರೆ, ಇಬ್ಬರಿಗೂ 12 ಸರದಿ ಸೇರಿ 36 ನಿಮಿಷ. ಆಟ ಅದಕ್ಕಿಂತ ಬೇಗ ಮುಗಿಯಬೇಕು. ಡೆಕ್ ಮುಗಿಯುವವರೆಗೂ ಎಳೆದರೆ ಗಣಿಯ ಅಂಕ ಜಾಸ್ತಿ ಮಾಡಿ.

ಕಾರ್ಡ್ ಕೈಗೆ ಬರಲಿ

ಮೊದಲ ಆವೃತ್ತಿಗೆ ಪೆನ್ಸಿಲ್ ಸಾಕು. ಬಣಕ್ಕೆ ಎಂಟು ಹತ್ತು ಬಗೆಯ ಕಾರ್ಡ್ ಬರೆದು, ಕತ್ತರಿಸಿ, ಸ್ಲೀವಿನೊಳಗೆ (ಕಾರ್ಡಿಗೆ ಹಾಕುವ ಪ್ಲಾಸ್ಟಿಕ್ ಚೀಲ) ಹಳೆಯ ಇಸ್ಪೀಟಿನ ಎಲೆಯ ಮುಂದೆ ತುರುಕಿ. ಕಲಸಲು ಗಟ್ಟಿ ಇರುತ್ತದೆ, ಬದಲಿಸಲು ಚೀಟಿ ಹೊರಗೆಳೆದರೆ ಆಯಿತು. ಬೆಲೆಯನ್ನು ಎಡಗಡೆ ಮೇಲಿನ ಮೂಲೆಯಲ್ಲೇ ಬರೆಯಿರಿ. ಕಾರ್ಡುಗಳನ್ನು ಬೀಸಣಿಗೆಯಂತೆ ಹಿಡಿದಾಗ ಕಾಣುವುದು ಆ ಮೂಲೆ ಮಾತ್ರ. ಏಟು, ಜೀವ ಕೆಳಗೆ ಇರಲಿ, ಅವು ಮೇಜಿಗೆ ಇಳಿದ ಮೇಲೆ ಬೇಕಾಗುವಂಥವು. ಕಾರ್ಡಿನ ಮೇಲಿನ ಮಾತು ಎರಡು ಸಾಲು ದಾಟಿದರೆ ಆ ಕಾರ್ಡ್ ಎರಡು ಕಾರ್ಡಿನ ಕೆಲಸ ಮಾಡುತ್ತಿದೆ ಅಂತ ಅರ್ಥ.

ನಿಯಮ ಸ್ವಲ್ಪ ಗಟ್ಟಿಯಾದ ಮೇಲೆ ಕಂಪ್ಯೂಟರಿಗೆ ಹೋಗಿ. ಎಲ್ಲ ಕಾರ್ಡನ್ನೂ ಒಂದು ಸ್ಪ್ರೆಡ್‌ಶೀಟಿನಲ್ಲಿ ಇಟ್ಟರೆ, ನ್ಯಾನ್‌ಡೆಕ್ ಅನ್ನುವ ಉಚಿತ ತಂತ್ರಾಂಶ ಅದರಿಂದಲೇ ಕಾರ್ಡ್ ಹಾಳೆ ತಯಾರಿಸುತ್ತದೆ. ಎ4 ಹಾಳೆಗೆ 9 ಕಾರ್ಡ್ ಕೂರುತ್ತವೆ. ದೂರದಲ್ಲಿರುವ ಗೆಳೆಯರ ಜೊತೆ ಆಡಲು ಟೇಬಲ್‌ಟಾಪ್ ಸಿಮ್ಯುಲೇಟರ್ ಅನ್ನುವ ತಂತ್ರಾಂಶ ಇದೆ.

ಚಿತ್ರಗಳ ಬಗ್ಗೆ ಒಂದು ಮಾತು. ನಿಮ್ಮ ಮೇಜಿನಲ್ಲಿ ನೀವೇ ಆಡಿಕೊಳ್ಳುವುದು ಬೇರೆ, ಹಂಚುವುದು ಮಾರುವುದು ಬೇರೆ. ಸಾಮಾನ್ಯವಾಗಿ ಆಟದ ನಿಯಮದ ಕಲ್ಪನೆಗೆ ಕೃತಿಸ್ವಾಮ್ಯ ಇರುವುದಿಲ್ಲ, ಆದರೆ ಗೇಮಿನ ಚಿತ್ರ, ಬರಹ, ಪಾತ್ರಗಳಿಗೆ ಇರುತ್ತದೆ, ಹೆಸರುಗಳು ಟ್ರೇಡ್‌ಮಾರ್ಕ್ ಆಗಿರಬಹುದು. ಹಲವು ಕಂಪನಿಗಳು ಅಭಿಮಾನಿಗಳ ಕೆಲಸಕ್ಕೆ ತಮ್ಮದೇ ಷರತ್ತು ಪ್ರಕಟಿಸಿವೆ, ಓದಿಕೊಳ್ಳಿ. ಮಾರುವ ಯೋಚನೆ ಇದ್ದರೆ ಹೆಸರು, ಚಿತ್ರ, ಲೋಕ ಎಲ್ಲವನ್ನೂ ಸ್ವಂತದ್ದಾಗಿಸಿ. ನಿಯಮಕ್ಕೂ ಕೆಲವೊಮ್ಮೆ ಪೇಟೆಂಟ್ ಸಿಗುವುದುಂಟು: ಕಾರ್ಡ್ ಅಡ್ಡ ತಿರುಗಿಸಿ ಬಳಸುವ ಪದ್ಧತಿ ಸೇರಿದ್ದ ಮ್ಯಾಜಿಕ್‌ನ ಪೇಟೆಂಟ್ ಅಮೆರಿಕದಲ್ಲಿ 1997ರಲ್ಲಿ ಮಂಜೂರಾಗಿತ್ತು. ಅದರ ಅವಧಿ 2014ರಲ್ಲಿ ಮುಗಿದಿದೆ.

ಆಡಿ, ಮುರಿಯಿರಿ, ತಿದ್ದಿ

ಮೊದಲು ಒಬ್ಬರೇ ಎರಡೂ ಕಡೆ ಆಡಿ. ನಿಯಮದ ದೊಡ್ಡ ಬಿರುಕುಗಳು ಇಲ್ಲೇ ಸಿಗುತ್ತವೆ. ಆಮೇಲೆ ಗೆಳೆಯರನ್ನು ಕೂರಿಸಿ. ಆಡಿದ ಮೇಲೆ "ಹೇಗಿತ್ತು" ಅಂತ ಕೇಳಿದರೆ "ಚೆನ್ನಾಗಿತ್ತು" ಅಂತಲೇ ಉತ್ತರ ಬರುತ್ತದೆ, ಅದರಿಂದ ಉಪಯೋಗವಿಲ್ಲ. ಬದಲಿಗೆ ಅವರು ಆಡುವಾಗ ಗಮನಿಸಿ. ಯಾವ ಕಾರ್ಡನ್ನು ಯಾವಾಗಲೂ ಬೆಲೆ ತೆರಲು ಎಸೆಯುತ್ತಾರೆ? ಅದು ದುರ್ಬಲ. ಯಾವುದನ್ನು ಒಂದು ಸಲವೂ ಎಸೆಯುವುದಿಲ್ಲ? ಅದು ಅತಿ ಬಲಿಷ್ಠ. ಬೆಲೆಯನ್ನು ಕಾರ್ಡಿನಿಂದಲೇ ತೆರುವ ಪದ್ಧತಿಗೆ ಇದೊಂದು ಹೆಚ್ಚಿನ ಲಾಭ, ಎಸೆದ ರಾಶಿಯೇ ನಿಮಗೆ ವರದಿ ಕೊಡುತ್ತದೆ. ಪ್ರತಿ ಆಟದ ಕೊನೆಗೆ ಆ ರಾಶಿಯನ್ನು ತೆಗೆದು, ಬೆಲೆಗೆ ಹೋದವು ಯಾವುವು, ಹೋರಾಡಿ ಸತ್ತವು ಯಾವುವು ಅಂತ ಆಟಗಾರರನ್ನೇ ಕೇಳಿ ಬರೆದುಕೊಳ್ಳಿ. ಮೊದಲು ಆಡಿದವರು ಗೆದ್ದರೋ ಎರಡನೆಯವರೋ ಅನ್ನುವುದನ್ನೂ ಬರೆಯಿರಿ. ಒಂದೇ ಕಡೆ ವಾಲುತ್ತಾ ಹೋದರೆ ಮೊದಲ ಸರದಿಯ ಆಜ್ಞೆಗಳನ್ನು ಮತ್ತೆ ನೋಡಬೇಕು.

ತಿದ್ದುವಾಗ ಒಂದು ಸಲಕ್ಕೆ ಒಂದೇ ಅಂಕಿ. ಸವಾರ ಜೋರಾದ ಅಂತ ಬೆಲೆಯನ್ನೂ ಏರಿಸಿ ಜೀವವನ್ನೂ ಇಳಿಸಿದರೆ, ಮುಂದಿನ ಆಟದಲ್ಲಿ ಅವನನ್ನು ಯಾರೂ ಇಳಿಸುವುದಿಲ್ಲ, ಯಾವ ಬದಲಾವಣೆಯಿಂದ ಹೀಗಾಯಿತು ಅಂತ ನಿಮಗೂ ತಿಳಿಯುವುದಿಲ್ಲ. ಚೀಟಿಯ ಮೂಲೆಯಲ್ಲಿ ಆವೃತ್ತಿಯ ಸಂಖ್ಯೆ ಬರೆಯಿರಿ, ಇಲ್ಲದಿದ್ದರೆ ಹಳೆಯ ಸವಾರನೂ ಹೊಸ ಸವಾರನೂ ಒಂದೇ ಡೆಕ್ಕಿನಲ್ಲಿ ಓಡಾಡುತ್ತಾರೆ.

ಕೊನೆಯ ಪರೀಕ್ಷೆಯಲ್ಲಿ ನೀವು ಬಾಯಿ ಬಿಡುವಂತಿಲ್ಲ. ಆಟ ಗೊತ್ತಿಲ್ಲದ ಇಬ್ಬರಿಗೆ ಪೆಟ್ಟಿಗೆ ಮತ್ತು ನಿಯಮದ ಹಾಳೆ ಕೊಟ್ಟು ಸ್ವಲ್ಪ ದೂರ ಕೂತುಕೊಳ್ಳಿ. ಅವರು ಹಾಳೆಯನ್ನು ಎಲ್ಲಿ ಮತ್ತೆ ಮತ್ತೆ ತಿರುವುತ್ತಾರೋ ಆ ಸಾಲನ್ನು ಗುರುತು ಮಾಡಿ. ಅವರು ತಪ್ಪಾಗಿ ಆಡುತ್ತಿದ್ದರೂ ತಡೆಯಬೇಡಿ. ಇಬ್ಬರೂ ಒಂದೇ ತಪ್ಪು ಮಾಡುತ್ತಾ ಖುಷಿಯಾಗಿ ಆಡುತ್ತಿದ್ದರೆ, ಬದಲಾಗಬೇಕಾದದ್ದು ನಿಮ್ಮ ನಿಯಮವೇ ಇರಬಹುದು.